ಮಾನಸಿಕ ಆಘಾತದ ಚಿಕಿತ್ಸೆಯಲ್ಲಿ ದೇಹದ ಮೂಲಕ ಕೆಲಸ ಮಾಡುವುದು: ಎಲ್ಲಿಂದ ತೊಡಗಬೇಕು, ಎಲ್ಲಿ ನಿಲ್ಲಿಸಬೇಕು?

ತುಂಗಾತೀರ (ಎಳೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಜಿಲ್ಲಾ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮನೆಯೊಳಗಿನ ಹಿಂಸೆಯನ್ನು ವರ್ಷಗಟ್ಟಲೆ ಸಹಿಸಿಕೊಂಡ ಹೆಂಗಸರು. ಅವರಲ್ಲಿ ಅನೇಕರು ಮೊದಲು ಘಟನೆಯನ್ನು ಹೇಳುವುದಿಲ್ಲ. ಎದೆ ಡವಗುಟ್ಟುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಯಾರಾದರೂ ಬಾಗಿಲನ್ನು ಜೋರಾಗಿ ಹಾಕಿದರೆ ಮೈಯೆಲ್ಲ ನಡುಗುತ್ತದೆ ಎಂದು ಹೇಳುತ್ತಾರೆ. ಘಟನೆಯ ಮಾತಿಗೆ ಬಂದಾಗ ಕೆಲವರ ಮುಖ ಬಿಳಿಚಿಕೊಂಡು, ದೃಷ್ಟಿ ಒಂದೆಡೆ ನೆಟ್ಟು, ನಾನು ಕೇಳಿದ್ದು ಅವರ ಕಿವಿಗೆ ಬೀಳದ ಸ್ಥಿತಿ ಉಂಟಾಗುತ್ತದೆ.

ಇತ್ತೀಚೆಗೆ ವಾರಾಂತ್ಯದ ಒಂದು ಆನ್‌ಲೈನ್ ತರಬೇತಿಯಲ್ಲಿ ದೇಹಾಧಾರಿತ ವಿಧಾನಗಳ (ಮಾತಿನ ಜೊತೆಗೆ ಮೈಯ ಸಂವೇದನೆ, ಚಲನೆ, ಉಸಿರಿನ ಮೂಲಕ ಆಘಾತಕ್ಕೆ ಚಿಕಿತ್ಸೆ ಕೊಡುವ ವಿಧಾನಗಳ) ಪರಿಚಯವಾಯಿತು. ಕೇಳುವಾಗ ಎಲ್ಲವೂ ಸರಿಯೆನಿಸಿತು, ಆದರೆ ನನ್ನ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಇವುಗಳಿಗೆ ಇರುವ ಪುರಾವೆ ಎಷ್ಟು ಗಟ್ಟಿ? ಪೂರ್ಣ ತರಬೇತಿಯಿಲ್ಲದ ನನ್ನಂಥವರು ಯಾವುದನ್ನು ಧೈರ್ಯವಾಗಿ ಬಳಸಬಹುದು, ಯಾವುದನ್ನು ಮುಟ್ಟಬಾರದು? ಸ್ಪರ್ಶದ ವಿಷಯದಲ್ಲಿ ನಿಮ್ಮ ನಿಲುವೇನು? ವೃತ್ತಿಯಲ್ಲಿ ಇರುವವರ ಅನುಭವದ ಉತ್ತರ ಬೇಕಾಗಿದೆ. ದಯವಿಟ್ಟು ಯಾವ ರೋಗಿಯ ಗುರುತೂ ಸಿಗದಂತೆ ಬರೆಯಿರಿ.

ಹಳೇಬೇರು (ಕ್ಲಿನಿಕಲ್ ಸೈಕಾಲಜಿಸ್ಟ್, ಧಾರವಾಡ)

ತುಂಗಾತೀರ ಅವರೇ, ಪುರಾವೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ತರಬೇತಿ ಶಿಬಿರಗಳಲ್ಲಿ ಅದನ್ನು ಅವಸರದಲ್ಲಿ ದಾಟಿಬಿಡುವುದೇ ಹೆಚ್ಚು.

‘ದೇಹಾಧಾರಿತ’ ಎಂಬ ಒಂದೇ ಹೆಸರಿನಡಿ ಬಹಳ ಬೇರೆಬೇರೆ ವಸ್ತುಗಳು ಸೇರಿಕೊಂಡಿವೆ. ಪೀಟರ್ ಲೆವಿನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್, ಪ್ಯಾಟ್ ಆಗ್ಡನ್ ಅವರ ಸೆನ್ಸರಿಮೋಟರ್ ಸೈಕೋಥೆರಪಿ, ಡೇವಿಡ್ ಎಮರ್ಸನ್ ಮತ್ತು ಸಂಗಡಿಗರು ಬೆಳೆಸಿದ ಆಘಾತ-ಸಂವೇದಿ ಯೋಗ, ಮೈಗೆ ಬೇಕೆಂದೇ ನಡುಕ ಬರಿಸಿ ಬಿಗಿತವನ್ನು ಬಿಡಿಸುವ ಡೇವಿಡ್ ಬರ್ಸೆಲಿಯವರ ನಡುಕದ ವ್ಯಾಯಾಮಗಳು, ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಬರುವುದಿಲ್ಲ. ಕಣ್ಣುಗಳನ್ನು ಅತ್ತಿತ್ತ ಆಡಿಸುತ್ತಾ ಆಘಾತದ ನೆನಪಿನೊಂದಿಗೆ ಕೆಲಸ ಮಾಡುವ ಇಎಂಡಿಆರ್‌ ಚಿಕಿತ್ಸೆಯಲ್ಲಿಯೂ ದೇಹದ ಸಂವೇದನೆಯನ್ನು ಕೇಳುವ ಹಂತವಿದೆ. ಇನ್ನೊಂದು ಮಾತು: ಎಡ್ಮಂಡ್ ಜೇಕಬ್ಸನ್ ಅವರ ಸ್ನಾಯು ಸಡಿಲಿಕೆ 1920ರ ದಶಕದಿಂದಲೂ ನಮ್ಮ ಪಠ್ಯದಲ್ಲಿದೆ, ಗಾಬರಿ ಕಾಯಿಲೆಗೆ ವರ್ತನಾ ಚಿಕಿತ್ಸಕರು ಬೇಕೆಂದೇ ತಲೆಸುತ್ತು, ಏದುಸಿರು ಬರಿಸಿ ಅದರ ಭಯವನ್ನು ಇಳಿಸುವುದೂ ದೇಹದ ಕೆಲಸವೇ. ದೇಹವನ್ನು ಈಗಷ್ಟೇ ಕಂಡುಹಿಡಿದಂತೆ ಮಾತನಾಡುವವರನ್ನು ಕಂಡಾಗ ನನಗೆ ಸ್ವಲ್ಪ ನಗು ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2013ರ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆಗೆ) ಶಿಫಾರಸು ಮಾಡಿದ ಮನಶ್ಚಿಕಿತ್ಸೆಗಳಲ್ಲಿ ಮುಖ್ಯವಾದವು ಆಘಾತ-ಕೇಂದ್ರಿತ ಸಿಬಿಟಿ (ಆಲೋಚನೆ ಮತ್ತು ವರ್ತನೆಯನ್ನು ಬದಲಿಸುವ ಚಿಕಿತ್ಸೆ) ಮತ್ತು ಇಎಂಡಿಆರ್. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್‌ಗೆ ಸಂಬಂಧಿಸಿ ಎಲ್ಲರೂ ಉಲ್ಲೇಖಿಸುವ ಇಸ್ರೇಲಿನ ಯಾದೃಚ್ಛಿಕ ಪ್ರಯೋಗ (ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗ) 2017ರಲ್ಲಿ ಪ್ರಕಟವಾಯಿತು. ಅದರಲ್ಲಿ 63 ಜನರಿದ್ದರು, ವಾರಕ್ಕೊಂದರಂತೆ 15 ಭೇಟಿಗಳಿದ್ದವು, ಫಲಿತಾಂಶವೂ ಚೆನ್ನಾಗಿಯೇ ಬಂದಿತು. ಆದರೆ ಹೋಲಿಕೆಯ ಗುಂಪಿನವರು ಚಿಕಿತ್ಸೆಗಾಗಿ ಸರದಿಯಲ್ಲಿ ಕಾಯುತ್ತಿದ್ದವರು. ಹೀಗಾಗಿ ಗುಣ ಬಂದದ್ದು ಈ ವಿಧಾನದಿಂದಲೋ, ವಾರವಾರವೂ ಒಬ್ಬರು ಕಾಳಜಿಯಿಂದ ಎದುರು ಕುಳಿತದ್ದರಿಂದಲೋ ಎಂಬುದನ್ನು ಆ ಪ್ರಯೋಗವೊಂದರಿಂದಲೇ ತೀರ್ಮಾನಿಸಲಾಗದು. ಯೋಗದ ಬಗ್ಗೆ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಈ ದೃಷ್ಟಿಯಿಂದ ಮೇಲು. ಬೇರೆ ಚಿಕಿತ್ಸೆಗೆ ಬಗ್ಗದ ಪಿಟಿಎಸ್‌ಡಿ ಇದ್ದ 64 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ 10 ವಾರ ಯೋಗ, ಉಳಿದವರಿಗೆ ಅಷ್ಟೇ ಅವಧಿಯ ಆರೋಗ್ಯ ಶಿಕ್ಷಣ ದೊರೆಯಿತು. ಕೊನೆಯಲ್ಲಿ ಯೋಗದ ಗುಂಪಿನ 31 ಜನರಲ್ಲಿ 16 ಮಂದಿ, ಮತ್ತೊಂದು ಗುಂಪಿನ 29 ಜನರಲ್ಲಿ 6 ಮಂದಿ ಪಿಟಿಎಸ್‌ಡಿಯ ಮಾನದಂಡದಿಂದ ಹೊರಬಂದಿದ್ದರು. ಅಲ್ಲಿ ಯೋಗವನ್ನು ಕೊಟ್ಟದ್ದು ಪೂರಕವಾಗಿ ಎಂಬುದನ್ನು ಮರೆಯಬಾರದು.

ನನ್ನ ನಿಲುವು ಇಷ್ಟು: ಆಘಾತದ ನೆನಪಿನ ಜೊತೆ ನೇರವಾಗಿ ಕೆಲಸ ಮಾಡುವ ಚಿಕಿತ್ಸೆಗೆ ಬಂದವರು ತಾಳಿಕೊಂಡು ಕುಳಿತುಕೊಳ್ಳುವಂತಾಗಲು ದೇಹದ ಕೆಲಸವನ್ನು ಬಳಸಿ, ಆದರೆ ಆ ಚಿಕಿತ್ಸೆಯ ಬದಲಿಗೆ ಬಳಸಬೇಡಿ. ‘ಇನ್ನೂ ಸ್ಥಿರರಾಗಿಲ್ಲ’ ಎಂದು ವರ್ಷಗಟ್ಟಲೆ ಗ್ರೌಂಡಿಂಗ್ (ಗಮನವನ್ನು ಈ ಕ್ಷಣಕ್ಕೆ, ಈ ಜಾಗಕ್ಕೆ ಮರಳಿಸುವ ಅಭ್ಯಾಸ) ಮಾಡಿಸುತ್ತಲೇ ಇರುವ ಥೆರಪಿಸ್ಟ್‌ಗಳನ್ನು ನಾನು ನೋಡಿದ್ದೇನೆ. ಅಲ್ಲಿ ನೆನಪಿನಿಂದ ತಪ್ಪಿಸಿಕೊಳ್ಳುತ್ತಿರುವವರು ಬಹುಮಟ್ಟಿಗೆ ಥೆರಪಿಸ್ಟರೇ ಆಗಿರುತ್ತಾರೆ.

ಮಂಗಳವಾರದ ಓಪಿಡಿ (ಮನೋವೈದ್ಯ)

ರಾಜ್ಯ ಸರ್ಕಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಕೂರುವ ವೈದ್ಯನ ಒಂದು ಮನವಿ: ದೇಹದ ಭಾಷೆಯನ್ನು ಓದುವ ಮೊದಲು ದೇಹವನ್ನು ಪರೀಕ್ಷಿಸಿಕೊಳ್ಳಿ. ಎದೆ ಡವಗುಟ್ಟುವ ಹೆಂಗಸಿಗೆ ಥೈರಾಯ್ಡ್ ಹೆಚ್ಚಾಗಿರಬಹುದು, ರಕ್ತಹೀನತೆ ಇರಬಹುದು. ನಡುಗಿ ಬಿದ್ದು ಕೈಕಾಲು ಆಡಿಸುವವರಲ್ಲಿ ಮೂರ್ಛೆರೋಗವೂ ಇರಬಹುದು, ಮಾನಸಿಕ ಕಾರಣದ ಮೂರ್ಛೆಯೂ ಇರಬಹುದು, ಎರಡೂ ಒಬ್ಬರಲ್ಲೇ ಇರುವುದುಂಟು. ‘ದೇಹ ಆಘಾತವನ್ನು ಹೊರಹಾಕುತ್ತಿದೆ’ ಎಂದುಕೊಂಡು ಅಪಸ್ಮಾರದ ಸೆಳೆತವನ್ನು ನೋಡುತ್ತಾ ಕೂರುವುದು ಅಪಾಯ. ಬಸುರಿಯರು, ಹೃದ್ರೋಗಿಗಳು, ಅಸ್ತಮಾ ಇರುವವರ ವಿಷಯದಲ್ಲಿ ನಡುಕ ಬರಿಸುವ ವ್ಯಾಯಾಮ ಮತ್ತು ಉಸಿರು ಬಿಗಿಹಿಡಿಯುವ ಅಭ್ಯಾಸಗಳನ್ನು ವೈದ್ಯರನ್ನು ಕೇಳದೆ ಮಾಡಿಸಬೇಡಿ.

ಎರಡನೆಯದು, ‘ಆಳವಾಗಿ ಉಸಿರೆಳೆದುಕೊಳ್ಳಿ’ ಎಂಬ ನಮ್ಮೆಲ್ಲರ ಬಾಯಿಪಾಠ. ಗಾಬರಿಯಲ್ಲಿರುವವರು ಮೊದಲೇ ಹೆಚ್ಚು ಉಸಿರಾಡುತ್ತಿರುತ್ತಾರೆ. ಇನ್ನಷ್ಟು ಆಳವಾಗಿ, ಬೇಗಬೇಗ ಎಳೆದುಕೊಂಡರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು, ಬಾಯಿಯ ಸುತ್ತ ಮತ್ತು ಬೆರಳ ತುದಿಗಳಲ್ಲಿ ಜುಮುಜುಮು, ತಲೆ ಹಗುರಾದಂತೆ ಅನಿಸುವುದು ಎಲ್ಲ ಶುರುವಾಗುತ್ತದೆ. ಅವರು ಅದನ್ನು ‘ಪ್ರಾಣ ಹೋಗುತ್ತಿದೆ’ ಎಂದು ತಿಳಿಯುತ್ತಾರೆ. ಉಸಿರು ಒಳಗೆ ಹೋಗುವಾಗ ಹೃದಯದ ಬಡಿತ ಸ್ವಲ್ಪ ಏರಿ, ಹೊರಗೆ ಬರುವಾಗ ಇಳಿಯುತ್ತದೆ. ಆದ್ದರಿಂದ ಹೇಳಲೇಬೇಕೆಂದಿದ್ದರೆ ಉಸಿರು ಬಿಡುವುದನ್ನು ನಿಧಾನಗೊಳಿಸಲು ಹೇಳಿ, ತುಂಬಿಸಿಕೊಳ್ಳಲು ಹೇಳಬೇಡಿ. ಕತ್ತು ಹಿಸುಕಿಸಿಕೊಂಡವರಿಗೆ, ಬಾಯಿ ಮುಚ್ಚಿಸಿಕೊಂಡವರಿಗೆ ಉಸಿರಿನ ಮೇಲೆ ಗಮನವಿಡುವುದೇ ಘಟನೆಯನ್ನು ಮತ್ತೆ ಬದುಕಿದಂತೆ ಆಗಬಹುದು. ಅಂಥವರಿಗೆ ಅಂಗಾಲು, ಅಂಗೈ, ಕುರ್ಚಿಯ ಬೆನ್ನು ಇವೇ ಮೇಲು.

ಮೂರನೆಯದು: ಕಣ್ಣು ನೆಟ್ಟು, ಮೈ ಜೋತುಬಿದ್ದು, ಬೆವರಿ ತಣ್ಣಗಾಗುವವರಿಗೆ ಸಡಿಲಿಕೆಯ ಅಭ್ಯಾಸ ಹೇಳಬೇಡಿ, ಅವರು ಈಗಾಗಲೇ ಬೇಕಾದದ್ದಕ್ಕಿಂತ ಹೆಚ್ಚು ಸಡಿಲಗೊಂಡಿದ್ದಾರೆ. ರಕ್ತ ಕಂಡರೆ ತಲೆಸುತ್ತಿ ಬೀಳುವವರಿಗೆ ಸ್ವೀಡನ್ನಿನ ಲಾರ್ಸ್-ಗೊರಾನ್ ಎಸ್ಟ್ 1980ರ ದಶಕದಲ್ಲಿ ರೂಪಿಸಿದ ಸ್ನಾಯು ಬಿಗಿಸುವ ವಿಧಾನದ ತರ್ಕ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ತೊಡೆ, ತೋಳುಗಳನ್ನು ಬಿಗಿಮಾಡಿ ಬಿಡುವುದು, ಎದ್ದು ನಿಲ್ಲುವುದು, ಗೋಡೆಯನ್ನು ಎರಡೂ ಕೈಯಿಂದ ತಳ್ಳುವುದು.

ತುಂಗಾತೀರ

ಸರ್, ಮೂರನೆಯ ಅಂಶವನ್ನು ಓದಿ ಬಹಳ ಸಹಾಯವಾಯಿತು. ತರಬೇತಿಯಲ್ಲಿ ಎಲ್ಲರಿಗೂ ಒಂದೇ ಸಡಿಲಿಕೆಯನ್ನು ಕಲಿಸಿದ್ದರು. ಹಳೇಬೇರು ಅವರೇ, ಒಂದು ಭೇಟಿಯಲ್ಲಿ ನೀವು ನಿಜಕ್ಕೂ ಏನು ಮಾಡುತ್ತೀರಿ, ಯಾವ ಮಾತು ಆಡುತ್ತೀರಿ ಎಂಬುದನ್ನು ಬಿಡಿಸಿ ಬರೆಯಲಾದೀತೆ?

ಹಳೇಬೇರು

ಖಂಡಿತ. ಹಲವರ ಚಿತ್ರ ಸೇರಿಸಿ ಒಬ್ಬರಂತೆ ಬರೆಯುತ್ತಿದ್ದೇನೆ.

ಬಂದವರು ಬಾಗಿಲು ಕಾಣುವಂತೆ, ಬೆನ್ನಿಗೆ ಗೋಡೆ ಇರುವಂತೆ ಕುಳಿತುಕೊಳ್ಳುವ ಅವಕಾಶ ಮೊದಲೇ ಇರಬೇಕು. ಕುರ್ಚಿಯನ್ನು ಅವರೇ ಎಳೆದು ಇಟ್ಟುಕೊಳ್ಳಲಿ. ನಾನು ಎದುರಿಗೆ ನೇರವಾಗಿ ಕೂರದೆ ಸ್ವಲ್ಪ ಓರೆಯಾಗಿ ಕೂರುತ್ತೇನೆ. ಮೊದಲ ಭೇಟಿಗಳಲ್ಲಿ ಘಟನೆಯನ್ನು ಕೇಳುವುದಿಲ್ಲ. ‘ಇವತ್ತು ಬಸ್ಸಿನಲ್ಲಿ ಬರುವಾಗ ಸ್ವಲ್ಪ ಹಗುರ ಅನಿಸಿದ್ದು ಎಲ್ಲಾದರೂ ಇತ್ತೇ?’ ಎಂದು ಕೇಳುತ್ತೇನೆ. ‘ಕಿಟಕಿ ಪಕ್ಕ ಸೀಟು ಸಿಕ್ಕಿತು, ಗಾಳಿ ಬಂತು’ ಎಂದರೆ ಅಲ್ಲಿಯೇ ನಿಲ್ಲುತ್ತೇನೆ. ಗಾಳಿ ಮುಖಕ್ಕೆ ತಗಲಿತೇ, ಕುತ್ತಿಗೆಗೆ ತಗಲಿತೇ, ಈಗ ಅದನ್ನು ಹೇಳುವಾಗ ಭುಜ ಎಲ್ಲಿದೆ ಎಂದು ನಿಧಾನವಾಗಿ ಕೇಳುತ್ತೇನೆ. ಹಗುರವಾದ ಒಂದು ಜಾಗವನ್ನು ದೇಹದಲ್ಲಿ ಗುರುತಿಸಲು ಅಭ್ಯಾಸವಾದ ಮೇಲೆಯೇ ಕಷ್ಟದ ಕಡೆಗೆ ಒಂದು ಹೆಜ್ಜೆ.

ಆ ಹೆಜ್ಜೆಯೂ ಸಣ್ಣದೇ. ‘ಆ ರಾತ್ರಿಯನ್ನು ಹೇಳಿ’ ಎನ್ನುವುದಿಲ್ಲ. ‘ಬಾಗಿಲಿನ ಚಿಲಕದ ಸದ್ದು ಕೇಳಿತು ಎಂದಿರಲ್ಲ, ಅಷ್ಟಕ್ಕೇ ನಿಲ್ಲಿಸೋಣ. ಈಗ ಮೈಯಲ್ಲಿ ಏನಾಗುತ್ತಿದೆ?’ ಎನ್ನುತ್ತೇನೆ. ಅವರು ಗಂಟಲನ್ನು ಮುಟ್ಟಿಕೊಂಡು ‘ಇಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ’ ಎಂದರು. ಅಲ್ಲಿ ಕ್ಷಣಕಾಲ ಇದ್ದು, ಮತ್ತೆ ಅಂಗಾಲಿಗೆ, ಕಿಟಕಿಯಾಚೆಯ ಮರಕ್ಕೆ ಗಮನವನ್ನು ಮರಳಿಸಿದೆವು. ಹೀಗೆ ಹೋಗಿಬರುವುದಕ್ಕೆ ಲೆವಿನ್ ಅವರ ಪರಂಪರೆಯಲ್ಲಿ ಪೆಂಡುಲೇಷನ್ ಎನ್ನುತ್ತಾರೆ. ಹನಿಹನಿಯಾಗಿ ಕೊಡುವುದಕ್ಕೆ ಟೈಟ್ರೇಷನ್ ಎನ್ನುತ್ತಾರೆ. ಹೆಸರು ಏನೇ ಇರಲಿ, ವೇಗವೇ ಇಲ್ಲಿ ಚಿಕಿತ್ಸೆ. ಮೂರನೆಯ ಬಾರಿಗೆ ಚಿಲಕದ ಸದ್ದಿಗೆ ಹೋದಾಗ ಅವರ ಬಲಗೈ ತಾನಾಗಿಯೇ ಮೊಣಕಾಲಿನ ಮೇಲೆ ಗಟ್ಟಿಯಾಗಿ ಒತ್ತಿಕೊಂಡಿತು. ‘ಆ ಕೈಗೆ ಏನಾದರೂ ಮಾಡಬೇಕು ಅನಿಸುತ್ತಿದೆಯೇ?’ ಎಂದು ಕೇಳಿ, ಒಂದು ದಿಂಬನ್ನು ಪಕ್ಕದಲ್ಲಿಟ್ಟೆ. ಅವರು ಅದನ್ನು ನಿಧಾನವಾಗಿ ತಳ್ಳಿದರು, ಎರಡು ಸಲ. ಆಮೇಲೆ ‘ಆಗ ತಳ್ಳಲು ಆಗಲಿಲ್ಲ’ ಎಂದರು. ಅದಕ್ಕೆ ನಾನು ಏನನ್ನೂ ಸೇರಿಸಲಿಲ್ಲ.

ಭೇಟಿಯ ಕೊನೆಯ ಹತ್ತು ನಿಮಿಷ ಯಾವ ಹೊಸ ವಿಷಯವೂ ಬೇಡ. ನೀರು, ನಾಲ್ಕು ಹೆಜ್ಜೆ ಓಡಾಟ, ಮನೆಗೆ ಹೇಗೆ ಹೋಗುತ್ತೀರಿ ಎಂಬ ಮಾತು. ಹಿಂಸೆ ನಡೆದ ಮನೆಗೇ ಮರಳುವವರಿದ್ದರೆ ಇದು ಇನ್ನೂ ಮುಖ್ಯ, ಮತ್ತು ಅಂಥವರಲ್ಲಿ ಎಚ್ಚರದ ಸ್ಥಿತಿಯನ್ನು ಪೂರ್ತಿ ತಗ್ಗಿಸುವುದು ನಮ್ಮ ಗುರಿಯಾಗಬಾರದು. ಆ ಎಚ್ಚರ ಅವರನ್ನು ಇಂದಿಗೂ ಕಾಪಾಡುತ್ತಿರಬಹುದು.

ಆಸನಸ್ಥ (ಯೋಗ ಚಿಕಿತ್ಸಕ, ಮೈಸೂರು)

ಮೇಲೆ ಹೇಳಿದ ಅಮೆರಿಕದ ಯೋಗ ಪ್ರಯೋಗವನ್ನು ನೋಡಿ ನಮ್ಮವರು ‘ಯೋಗದಿಂದ ಆಘಾತ ಗುಣವಾಗುತ್ತದೆ’ ಎಂದು ಹಿಗ್ಗುತ್ತಾರೆ. ಆದರೆ ಅಲ್ಲಿ ಕಲಿಸಿದ ಯೋಗಕ್ಕೂ ನಮ್ಮ ಬಹುತೇಕ ತರಗತಿಗಳಿಗೂ ಬಹಳ ಅಂತರವಿದೆ. ಆಘಾತ-ಸಂವೇದಿ ಯೋಗದಲ್ಲಿ ಶಿಕ್ಷಕರು ಮುಟ್ಟಿ ಭಂಗಿಯನ್ನು ತಿದ್ದುವುದಿಲ್ಲ, ಹಿಂದಿನಿಂದ ಸುತ್ತಾಡುವುದಿಲ್ಲ, ‘ಹೀಗೇ ಇರಬೇಕು’ ಎಂಬ ಆದರ್ಶ ಭಂಗಿಯನ್ನು ಮುಂದಿಡುವುದಿಲ್ಲ. ಪ್ರತಿ ಚಲನೆಯೂ ಆಯ್ಕೆ. ನಮ್ಮಲ್ಲಾದರೋ ಕಣ್ಣು ಮುಚ್ಚಿ, ಅಂಗಾತ ಮಲಗಿ, ಮೈ ಬಿಟ್ಟುಬಿಡಿ ಎಂಬ ಶವಾಸನವೇ ಶಾಂತಿಯ ಶಿಖರ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಇದಕ್ಕಿಂತ ಭಯದ ಭಂಗಿ ಇನ್ನೊಂದಿರಲಾರದು. ನಾನು ಅವರನ್ನು ಗೋಡೆಗೆ ಒರಗಿ, ಕಣ್ಣು ತೆರೆದು ಕೂರಿಸುತ್ತೇನೆ.

ಇನ್ನೊಂದು ತೊಡಕು ನಮ್ಮ ವಿನಯದ್ದು. ‘ಬೇಕೆನಿಸಿದರೆ ಕೈ ಎತ್ತಬಹುದು, ಬೇಡವೆನಿಸಿದರೆ ಬಿಡಬಹುದು’ ಎಂದು ಎಷ್ಟೇ ಮೃದುವಾಗಿ ಹೇಳಿದರೂ ಬಂದವರು ‘ಆಯ್ತು ಸರ್, ನೀವು ಹೇಳಿದ ಹಾಗೆ’ ಎಂದು ಎತ್ತಿಬಿಡುತ್ತಾರೆ. ಗುರುವಿಗೆ, ಡಾಕ್ಟರಿಗೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ; ಗಂಡನಿಗೆ ಇಲ್ಲವೆಂದು ಪೆಟ್ಟು ತಿಂದವರಿಗಂತೂ ಕೇಳುವುದೇ ಬೇಡ. ಆದ್ದರಿಂದ ಬೇಡವೆನ್ನುವುದನ್ನೇ ಮೊದಲ ಅಭ್ಯಾಸವಾಗಿ ಮಾಡಿಸುತ್ತೇನೆ. ನಾನು ಚಾಪೆಯನ್ನು ಹತ್ತಿರ ಎಳೆಯುತ್ತಾ ಬರುತ್ತೇನೆ, ಅವರು ಅಂಗೈ ತೋರಿಸಿ ನಿಲ್ಲಿಸಬೇಕು. ಮೊದಮೊದಲು ನಗುತ್ತಾರೆ, ಕೈ ಅರ್ಧಕ್ಕೆ ಏಳುತ್ತದೆ. ಕೆಲವು ವಾರಗಳ ನಂತರ ಅದೇ ಕೈ ನೇರವಾಗಿ ಏಳುತ್ತದೆ. ಪ್ರಾಣಾಯಾಮಕ್ಕಿಂತ ಇದರಿಂದಲೇ ಹೆಚ್ಚು ಪ್ರಯೋಜನ ಕಂಡಿದ್ದೇನೆ ಎಂದರೆ ನನ್ನ ಸಹೋದ್ಯೋಗಿಗಳು ಸಿಟ್ಟಾಗಬಹುದು.

ಪುರಾವೆ ಕೊಡಿ (ಸಂಶೋಧನಾ ವಿದ್ಯಾರ್ಥಿ)

ಚರ್ಚೆ ಚೆನ್ನಾಗಿದೆ, ಆದರೆ ಸಿದ್ಧಾಂತದ ಭಾಗವನ್ನು ಯಾರೂ ಮುಟ್ಟಲಿಲ್ಲ. ಶಿಬಿರಗಳಲ್ಲಿ ಹಂಚುವ, ನರಮಂಡಲದ ಸ್ಥಿತಿಗಳನ್ನು ಮೆಟ್ಟಿಲುಗಳಂತೆ ತೋರಿಸುವ ಬಣ್ಣದ ಏಣಿಯ ಚಿತ್ರಗಳೆಲ್ಲ ಸ್ಟೀಫನ್ ಪೋರ್ಜಸ್ 1994ರಲ್ಲಿ ಮಂಡಿಸಿದ ಪಾಲಿವೇಗಲ್ ಸಿದ್ಧಾಂತದ ಮೇಲೆ ನಿಂತಿವೆ. ಮಿದುಳಿನಿಂದ ಹೃದಯ, ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಎರಡು ಕವಲುಗಳು ವಿಕಾಸದ ಬೇರೆಬೇರೆ ಹಂತಗಳಲ್ಲಿ ಬಂದವು, ಹಳೆಯದು (ಡಾರ್ಸಲ್ ವೇಗಸ್) ನಮ್ಮನ್ನು ಸ್ತಬ್ಧಗೊಳಿಸುತ್ತದೆ, ಹೊಸದು ನಮ್ಮನ್ನು ಇತರರೊಂದಿಗೆ ಬೆಸೆಯುತ್ತದೆ ಎಂಬುದು ಅದರ ಸಾರ. ಪಾಲ್ ಗ್ರಾಸ್‌ಮನ್ 2023ರಲ್ಲಿ ಇದರ ಐದು ಮೂಲ ಪ್ರತಿಪಾದನೆಗಳನ್ನೂ ಶರೀರಶಾಸ್ತ್ರದ ಆಧಾರದಿಂದ ಪ್ರಶ್ನಿಸಿದ್ದಾರೆ. ಸಸ್ತನಿಗಳಿಗೆ ಮಾತ್ರ ವಿಶಿಷ್ಟವೆಂದು ಹೇಳಲಾದ ಹೃದಯ-ಉಸಿರಾಟದ ಹೊಂದಾಣಿಕೆ ಮತ್ತು ಅದಕ್ಕೆ ಬೇಕಾದ ನರರಚನೆ ಶ್ವಾಸಕೋಶವುಳ್ಳ ಮೀನಿನಲ್ಲಿಯೂ ಇದೆ ಎಂದು 2018ರಲ್ಲಿಯೇ ಸಂಶೋಧಕರು ತೋರಿಸಿದ್ದರು. ಇಷ್ಟಾದರೂ ನಾವು ರೋಗಿಗಳಿಗೆ ‘ನಿಮ್ಮ ಡಾರ್ಸಲ್ ವೇಗಸ್ ಚಾಲೂ ಆಗಿದೆ’ ಎಂದು ಹೇಳುತ್ತಿದ್ದೇವೆ.

ಮತ್ತೊಂದು ಉದಾಹರಣೆ ನಮ್ಮ ನೆರೆಯದೇ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ದಕ್ಷಿಣ ಭಾರತದ ಕರಾವಳಿಯಲ್ಲಿ 150 ಸಂತ್ರಸ್ತರಿಗೆ ಒಂದೇ ಒಂದು ಸೊಮ್ಯಾಟಿಕ್ ಭೇಟಿ ಕೊಟ್ಟು, ತಿಂಗಳುಗಳ ನಂತರವೂ ಸುಧಾರಣೆ ಉಳಿದಿತ್ತು ಎಂದು 2008ರಲ್ಲಿ ವರದಿಯಾಯಿತು. ಹೋಲಿಕೆಯ ಗುಂಪು ಇರಲಿಲ್ಲ. ವಿಪತ್ತಿನ ನಂತರ ಬಹಳ ಜನ ಕಾಲಕ್ರಮೇಣ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಹಾಗಿರುವಾಗ ಇದರಿಂದ ಏನು ಸಾಬೀತಾಯಿತು?

ಹಳೇಬೇರು

ನಿಮ್ಮ ಆಕ್ಷೇಪಣೆಗಳಲ್ಲಿ ಹೆಚ್ಚಿನವನ್ನು ಒಪ್ಪುತ್ತೇನೆ. ಸುನಾಮಿಯ ಅಧ್ಯಯನದಿಂದ ಹೆಚ್ಚೆಂದರೆ ‘ಪ್ರಯತ್ನಿಸಿ ನೋಡಬಹುದು’ ಎಂಬಷ್ಟು ಹೇಳಬಹುದು. ಆದರೆ ಒಂದು ವಿಧಾನ ಉಪಯುಕ್ತವಾಗಲು ಅದರ ವಿವರಣೆ ಸರಿಯಿರಲೇಬೇಕೆಂದಿಲ್ಲ. ಗೋಡೆ ತಳ್ಳಿದಾಗ ಹೆಂಗಸೊಬ್ಬಳು ಈ ಕೋಣೆಗೆ ಮರಳಿ ಬರುತ್ತಾಳೆ ಎಂಬುದಕ್ಕೆ ವೇಗಸ್ ನರದ ವಂಶಾವಳಿ ಬೇಕಾಗಿಲ್ಲ. ನಾನು ಬಂದವರಿಗೆ ಹೇಳುವುದು ಇಷ್ಟೇ: ‘ಅಪಾಯ ಬಂದಾಗ ಮೈ ತಾನಾಗಿಯೇ ಓಡಲು, ಹೊಡೆಯಲು ಅಥವಾ ಮರಗಟ್ಟಲು ಸಿದ್ಧವಾಗುತ್ತದೆ. ಅಂದು ನೀವು ಕೂಗದೇ ಇದ್ದದ್ದು ನಿಮ್ಮ ಒಪ್ಪಿಗೆ ಅಲ್ಲ.’ ಈ ಮಾತಿನಿಂದ ಇಳಿಯುವ ಅಪರಾಧಿ ಭಾವವನ್ನು ಬೇರೆ ಯಾವ ತಂತ್ರದಿಂದಲೂ ಅಷ್ಟು ಬೇಗ ಇಳಿಸಲು ನನಗೆ ಸಾಧ್ಯವಾಗಿಲ್ಲ.

ಸಿದ್ಧಾಂತದ ತಪ್ಪು ನಿಜವಾಗಿ ಅಪಾಯ ತರುವುದು ನೆನಪಿನ ವಿಷಯದಲ್ಲಿ. ‘ದೇಹದಲ್ಲಿ ಎಲ್ಲವೂ ದಾಖಲಾಗಿದೆ’ ಎಂಬುದನ್ನು ಅಕ್ಷರಶಃ ನಂಬಿದ ಥೆರಪಿಸ್ಟ್, ಕಿಬ್ಬೊಟ್ಟೆಯ ಬಿಗಿತವನ್ನು ಕಂಡು ಬಾಲ್ಯದಲ್ಲಿ ಏನೋ ನಡೆದಿರಬೇಕು ಎಂದು ಸೂಚಿಸಿಬಿಡಬಹುದು. ಸಂವೇದನೆ ಯಾವ ಘಟನೆಗೂ ಸಾಕ್ಷಿಯಲ್ಲ. ಸೂಚನೆಯಿಂದ ಸುಳ್ಳು ನೆನಪು ಹುಟ್ಟಬಲ್ಲದು ಎಂಬುದನ್ನು 1990ರ ದಶಕದಲ್ಲಿ ಅಮೆರಿಕದ ಎಷ್ಟೋ ಕುಟುಂಬಗಳು ನೋವಿನಿಂದ ಕಲಿತವು. ‘ಗಂಟಲು ಬಿಗಿಯಿತು’ ಎಂದರೆ ಗಂಟಲು ಬಿಗಿಯಿತು ಎಂದಷ್ಟೇ.

ಶಾಲೆಯಂಗಳ (ಶಾಲಾ ಆಪ್ತಸಮಾಲೋಚಕಿ, ಬೆಂಗಳೂರು)

ಸ್ಪರ್ಶದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕೆಲವು ದೇಹಾಧಾರಿತ ಪರಂಪರೆಗಳಲ್ಲಿ ಭುಜ ಅಥವಾ ಬೆನ್ನಿಗೆ ಕೈಯಿಡುವ ತಂತ್ರಗಳಿವೆ. ಪೂರ್ಣ ತರಬೇತಿ, ಲಿಖಿತ ಒಪ್ಪಿಗೆ, ಮೇಲ್ವಿಚಾರಣೆ ಮೂರೂ ಇಲ್ಲದವರು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳ ವಿಷಯದಲ್ಲಿ ಆ ಮೂರೂ ಇದ್ದರೂ ಬೇಡ. ಮುಟ್ಟುವ ಅಗತ್ಯ ಬರುವ ಕಡೆ ಅವರ ಕೈಯನ್ನೇ ಬಳಸಬಹುದು: ತಮ್ಮ ಎದೆಯ ಮೇಲೆ ತಾವೇ ಅಂಗೈ ಇಟ್ಟುಕೊಳ್ಳುವುದು, ಸೆರಗನ್ನೋ ಶಾಲನ್ನೋ ಭುಜಕ್ಕೆ ಬಿಗಿಯಾಗಿ ಸುತ್ತಿಕೊಳ್ಳುವುದು.

ಮಕ್ಕಳೊಂದಿಗೆ ಕುಂಟೆಬಿಲ್ಲೆಯ ಹೆಜ್ಜೆ, ಚೆಂಡು ಎಸೆಯುವುದು, ಒಟ್ಟಿಗೆ ಚಪ್ಪಾಳೆಯ ತಾಳ ಹಾಕುವುದು ಬಹಳ ಚೆನ್ನಾಗಿ ನಡೆಯುತ್ತವೆ. ಆದರೆ ಇಂಥ ಆಟದ ನಡುವೆಯೇ ಮಗು ದೌರ್ಜನ್ಯದ ವಿಷಯ ಹೇಳಿಬಿಡಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವರದಿ ಮಾಡುವುದು ಕಡ್ಡಾಯ. ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಎಂದು ಮಗುವಿಗೆ ಮೊದಲೇ ಮಾತು ಕೊಡಬೇಡಿ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಕುರ್ಚಿಗಳ ಜಾಗವನ್ನು ಈಗಾಗಲೇ ಬದಲಿಸಿದ್ದೇನೆ, ಮತ್ತು ನಡುಕದ ವ್ಯಾಯಾಮವನ್ನು ಬಿಟ್ಟುಬಿಡುತ್ತೇನೆ. ಉಳಿದದ್ದು ಎರಡು ಸಣ್ಣ ಪ್ರಶ್ನೆಗಳು. ದೂರದ ಹಳ್ಳಿಯವರೊಂದಿಗೆ ಫೋನಿನಲ್ಲಿ ಈ ಕೆಲಸ ಮಾಡಬಹುದೇ? ದಾಖಲೆಯಲ್ಲಿ ಇದನ್ನೆಲ್ಲ ಹೇಗೆ ಬರೆಯುವುದು? ನಮ್ಮಲ್ಲಿ ಬರುವವರಲ್ಲಿ ಅನೇಕರ ಪ್ರಕರಣಗಳು ನ್ಯಾಯಾಲಯದಲ್ಲಿವೆ.

ಮಂಗಳವಾರದ ಓಪಿಡಿ

ಫೋನಿನಲ್ಲಿ ಗ್ರೌಂಡಿಂಗ್ ಮಾಡಿಸಬಹುದು, ನೆನಪಿನ ಹತ್ತಿರ ಹೋಗಬೇಡಿ. ಮುಖ ಕಾಣದಿದ್ದಾಗ ಅವರು ಸ್ತಬ್ಧರಾದದ್ದು ನಿಮಗೆ ತಿಳಿಯುವುದು ತಡವಾಗಿ. ಕರೆಯ ಆರಂಭದಲ್ಲಿಯೇ ಎಲ್ಲಿದ್ದೀರಿ, ಮನೆಯಲ್ಲಿ ಯಾರಿದ್ದಾರೆ, ಮಾತು ನಿಲ್ಲಿಸಬೇಕಾದರೆ ಯಾವ ಪದ ಹೇಳುತ್ತೀರಿ, ಕರೆ ಕಡಿದುಹೋದರೆ ಯಾರಿಗೆ ಫೋನ್ ಮಾಡಲಿ ಎಂಬುದನ್ನು ಕೇಳಿಟ್ಟುಕೊಳ್ಳಿ. ನೀವು ಸಿಗದ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಳ್ಳಲು ಹೇಳಿ.

ಹಳೇಬೇರು

ದಾಖಲೆಯ ಬಗ್ಗೆ: ಕಂಡದ್ದನ್ನು ಮತ್ತು ಅವರು ಆಡಿದ ಮಾತನ್ನು ಅವರ ಮಾತಿನಲ್ಲಿಯೇ ಬರೆಯಿರಿ, ವ್ಯಾಖ್ಯಾನ ಬೇಡ. ‘ಚಿಲಕದ ಸದ್ದಿನ ಪ್ರಸ್ತಾಪ ಬಂದಾಗ ಮಾತು ನಿಂತಿತು, ಕೈ ನಡುಗಿತು, ಎದ್ದು ನಿಂತು ಗೋಡೆ ತಳ್ಳಿದ ಬಳಿಕ ಮಾತು ಮರಳಿತು’ ಎಂದು ಬರೆದರೆ ಸಾಕು. ‘ದೇಹದಲ್ಲಿ ಅಡಗಿದ್ದ ಹಿಂಸೆಯ ನೆನಪು ಹೊರಬಂದಿತು’ ಎಂದು ಬರೆದರೆ ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಆ ಒಂದೇ ಸಾಲನ್ನು ಹಿಡಿದು, ಘಟನೆಯ ನೆನಪನ್ನು ನೀವೇ ತುಂಬಿದಿರಿ ಎಂದು ವಾದಿಸುತ್ತಾರೆ. ಯಾವ ಅಭ್ಯಾಸವನ್ನು ಮಾಡಿಸಿದಿರಿ, ಅದಕ್ಕೆ ಮೊದಲು ಒಪ್ಪಿಗೆ ಕೇಳಿದಿರೇ, ಅವರು ಏನೆಂದರು ಎಂಬುದೂ ದಿನಾಂಕದೊಂದಿಗೆ ಇರಲಿ. ಬೇಡವೆಂದು ಹೇಳಿದ ದಿನವನ್ನೂ ತಪ್ಪದೆ ಬರೆದಿಡಿ.